ಮುಂದಿನ ಚಕ್ರದ ಕಣ್ಣೀರು

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ, ಹೆದ್ದಾರಿಯ ಮಗ್ಗುಲಿಗೆ ಇರುವ ಊರು ಮಾಚೇನಹಳ್ಳಿ. ಹಾಲು ಒಕ್ಕೂಟದ ಡೇರಿಯೂ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳೂ ಇಲ್ಲಿರುವುದರಿಂದ, ಹೊತ್ತು ಮೂಡುವುದಕ್ಕೆ ಮೊದಲೇ ಎರಡೂ ಕಡೆಗಳಿಂದ ಮೋಟಾರ್ ಸೈಕಲ್ಲುಗಳ ಸಾಲು ಆರಂಭವಾಗುತ್ತದೆ. ಊಟದ ಡಬ್ಬಿ, ಮಳೆಯಂಗಿ, ಹಿಂದೆ ಕುಳಿತ ತಮ್ಮನೋ ಮಗಳೋ, ಎಲ್ಲವನ್ನೂ ಹೊತ್ತುಕೊಂಡು ಓಡುವ ಈ ವಾಹನವೇ ಇಲ್ಲಿನ ಸಂಸಾರಗಳ ಎತ್ತಿನ ಗಾಡಿ. ಎತ್ತಿಗೆ ಕಾಲು ನೊಂದರೆ ಕುಂಟುತ್ತದೆ. ಮೋಟಾರ್ ಸೈಕಲ್ಲಿಗೆ ಕಾಲು ನೊಂದರೆ ಕಣ್ಣೀರಿಡುತ್ತದೆ. ಅದನ್ನು ಕಾಣದೆ ಹೋದ ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡು, ಬಳಿಕ ವಿಷಯಕ್ಕೆ ಬರುತ್ತೇನೆ.

ಶ್ರಾವಣದ ಒಂದು ಸಂಜೆ. ಎಂಟು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಭದ್ರಾವತಿಯ ದೊಡ್ಡಪ್ಪನವರ ಮನೆಗೆ ಹೊರಟಿದ್ದೆ. ಜಿಟಿಜಿಟಿ ಮಳೆ. ಮಾಚೇನಹಳ್ಳಿಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಎಮ್ಮೆಯೊಂದು ರಸ್ತೆಗೆ ಇಳಿಯಿತು. ಮುಂದಿನ ಬ್ರೇಕನ್ನು ಒತ್ತಿದೆ. ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕನ್ನು ತುಳಿದೆ. ಹಿಂಗಾಲು ಜಾರಿ ಗಾಡಿ ಅಡ್ಡವಾಯಿತು. ಎಮ್ಮೆಗೂ ನಮಗೂ ಒಂದು ಮೊಳದ ಅಂತರವಿದ್ದಾಗ ಹೇಗೋ ನಿಂತೆವು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ, ಏನೂ ಆಗದಂತೆ ನಡೆದುಹೋಯಿತು. ಮಗಳು ನನ್ನ ಬೆನ್ನನ್ನು ಅವುಚಿಕೊಂಡು, "ಅಪ್ಪಾ, ಬ್ರೇಕು ಒತ್ತಿದರೂ ಯಾಕೆ ನಿಲ್ಲಲಿಲ್ಲ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊಡ್ಡಪ್ಪನವರಲ್ಲಿತ್ತು. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು ಭದ್ರಾವತಿ. ಸ್ಪಾನರು ಹಿಡಿದು ಪಳಗಿದ ಕೈಗಳಿಗೆ ಅಲ್ಲಿ ಎಂದೂ ಬರವಿಲ್ಲ. ಫಿಟ್ಟರಾಗಿ ನಿವೃತ್ತರಾದ ದೊಡ್ಡಪ್ಪನವರು ಮಾತನಾಡದೆ ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಬಿಳಿಯ ಕಾಗದವೊಂದನ್ನು ಬ್ರೇಕಿನ ಡಿಸ್ಕಿಗೆ ಒತ್ತಿ ತೆಗೆದರು. ಕಾಗದ ಎಣ್ಣೆಯಲ್ಲಿ ತೊಯ್ದಿತ್ತು. "ಒಂದು ತಿಂಗಳಿಂದ ಅಳ್ತಾ ಇದೆಯಲ್ಲೋ ಇದು! ನೀನು ನೋಡಲೇ ಇಲ್ವೇನೋ?" ಎಂದರು. ನೋಡಿದ್ದೆ. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದ್ದನ್ನು ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ, ಗಾಡಿಯನ್ನು ಶುಚಿಯಾಗಿಟ್ಟಿದ್ದೇನೆಂದು ಹೆಮ್ಮೆಪಟ್ಟಿದ್ದೆ!

ಎಣ್ಣೆ ಎಲ್ಲಿಂದ ಬರುತ್ತದೆ?

ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳಲ್ಲಿ ಒಂದೊಂದೂ ಎರಡು ಕೊಳವೆಗಳ ಜೋಡಿ. ಮೇಲಿನ ನುಣುಪಾದ ಉಕ್ಕಿನ ಕೊಳವೆ ಕೆಳಗಿನ ದಪ್ಪ ಕೊಳವೆಯೊಳಗೆ ಜಾರುತ್ತದೆ. ಒಳಗೆ ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಸ್ಪ್ರಿಂಗು ಹೊಂಡದ ಪೆಟ್ಟನ್ನು ನುಂಗುತ್ತದೆ. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಹಾದುಹೋಗುತ್ತ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಈ ಎಣ್ಣೆ ಹೊರಬಾರದಂತೆ ಕೆಳಗಿನ ಕೊಳವೆಯ ಬಾಯಲ್ಲಿ ಕಾವಲು ನಿಂತಿರುವ ರಬ್ಬರಿನ ಬಳೆಯೇ ಆಯಿಲ್ ಸೀಲು. ಅದರ ತುಟಿ ಹರಿದರೆ, ಸವೆದರೆ, ವಯಸ್ಸಾಗಿ ಗಡುಸಾದರೆ ಎಣ್ಣೆ ಒಸರತೊಡಗುತ್ತದೆ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಇದರ ಕಾಟ ಸಹಜ. ಮಳೆಗಾಲದ ಕೆಸರು ಕೊಳವೆಯ ಮೇಲೆ ಒಣಗಿ, ಮರಳು ಕಾಗದದಂತೆ ಸೀಲನ್ನು ಉಜ್ಜುತ್ತದೆ. ತೇವದಿಂದ ಕೊಳವೆಗೆ ತುಕ್ಕು ಹಿಡಿದರೆ ಅದರ ಚುಕ್ಕೆಗಳು ಸೀಲನ್ನು ಕೊಯ್ಯುತ್ತವೆ.

ಎಣ್ಣೆಯ ಫೋರ್ಕು ಹಳೆಯ ವಿದ್ಯೆಯೇ. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿ ಅದನ್ನು ೧೯೩೫ರಲ್ಲಿ ತನ್ನ ಮೋಟಾರ್ ಸೈಕಲ್ಲುಗಳಿಗೆ ಅಳವಡಿಸಿತು. ೧೯೬೦ರ ದಶಕದಲ್ಲಿ ನಮ್ಮ ಮೈಸೂರಿನಿಂದ ಹೊರಟ ಜಾವಾ, ೧೯೭೩ರ ಬಳಿಕ ಅದೇ ಕಾರ್ಖಾನೆಯಿಂದ ಬಂದ ಯೆಜ್ಡಿ, ಇವುಗಳ ಮುಂಗಾಲುಗಳಲ್ಲಿಯೂ ಇದೇ ಎಣ್ಣೆ. ಆ ಕಾರ್ಖಾನೆಯ ಉತ್ಪಾದನೆ ೧೯೯೬ರಲ್ಲಿ ನಿಂತಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಗಾಡಿಗಳಲ್ಲಿ ಬ್ರೇಕು ಮುಚ್ಚಿದ ಡ್ರಮ್ಮಿನೊಳಗಿತ್ತು. ಸೀಲು ಸೋರಿದರೆ ಪ್ಯಾಂಟು ಕೊಳೆಯಾಗುತ್ತಿತ್ತು. ಇಂದಿನ ಡಿಸ್ಕ್ ಬ್ರೇಕು ತೆರೆದ ತಟ್ಟೆ. ಫೋರ್ಕಿನಿಂದ ಇಳಿದ ಎಣ್ಣೆ ಅದರ ಮೇಲೆಯೇ ಬೀಳಬಹುದು. ಅಂದಿನ ಕೊಳೆ ಇಂದು ಪ್ರಾಣಕ್ಕೆ ಎರವಾಗಬಲ್ಲದು.

ಮೊದಲು ಫಿಲ್ಮಿನ ಮದ್ದು

ಸೋರಿದೊಡನೆ ಎಲ್ಲವನ್ನೂ ಬಿಚ್ಚಬೇಕಾಗಿಲ್ಲ. ಸೀಲಿನ ತುಟಿಗೆ ಮಣ್ಣಿನ ಕಣ ಸಿಕ್ಕಿಕೊಂಡಿದ್ದರೂ ಎಣ್ಣೆ ಒಸರುತ್ತದೆ. ಮೇಲಿನ ಧೂಳಿನ ಸೀಲನ್ನು ನಾಜೂಕಾಗಿ ಮೇಲೆತ್ತಿ, ಹಳೆಯ ಕ್ಯಾಮೆರಾದ ಫಿಲ್ಮಿನ ಒಂದು ತುಂಡನ್ನು ಕೊಳವೆಗೂ ಸೀಲಿಗೂ ನಡುವೆ ತೂರಿಸಿ ಸುತ್ತಲೂ ಆಡಿಸಿದರೆ ಕಣ ಹೊರಬರುವುದುಂಟು. ಮದುವೆಯ ಫೋಟೋಗಳ ನೆಗೆಟಿವ್ ಮನೆಯಲ್ಲಿ ಇದ್ದೇ ಇರುತ್ತದೆ. ಗೃಹಿಣಿಯ ಅಪ್ಪಣೆ ಪಡೆದು ಕತ್ತರಿಸುವುದು ಕ್ಷೇಮ. ನನ್ನ ಗಾಡಿಗೆ ಈ ಮದ್ದು ನಾಟಲಿಲ್ಲ. ಆದುದರಿಂದ ಮುಂದಿನ ಭಾನುವಾರ ದೊಡ್ಡಪ್ಪನವರ ಅಂಗಳವೇ ವರ್ಕ್‌ಶಾಪಾಯಿತು.

ಬಿಚ್ಚುವ ಬಗೆ

ಗಾಡಿಯ ಕೈಪಿಡಿ ಜೊತೆಗಿರಲಿ. ಎಣ್ಣೆಯ ದರ್ಜೆ, ಅಳತೆ, ಬೋಲ್ಟುಗಳ ಬಿಗಿ ಗಾಡಿಯಿಂದ ಗಾಡಿಗೆ ಬೇರೆ. ತಲೆಕೆಳಗಾಗಿ ಜೋಡಿಸಿದ ಫೋರ್ಕುಳ್ಳ ದುಬಾರಿ ಗಾಡಿಗಳನ್ನು ಮನೆಯಲ್ಲಿ ಮುಟ್ಟದಿರುವುದೇ ಲೇಸು. ಸೀಲುಗಳನ್ನು ಎರಡು ಕಾಲಿಗೂ ಒಟ್ಟಿಗೇ ಬದಲಿಸಬೇಕು.

ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರವನ್ನು ನೆಲದಿಂದ ಎತ್ತಬೇಕು. ಕಾಲುಗಳು ಗಾಡಿಯಲ್ಲಿ ಭದ್ರವಾಗಿರುವಾಗಲೇ, ಮೇಲಿನ ಹಿಡಿಕೆಯ ಬೋಲ್ಟನ್ನು ಸಡಿಲಿಸಿ, ಕಾಲಿನ ತುದಿಯ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿಡಬೇಕು. ಕೈಗೆ ಬಂದ ಮೇಲೆ ಅದು ಮಣಿಯುವುದಿಲ್ಲ. ಬಳಿಕ ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ ಹಗ್ಗದಿಂದ ಮೇಲಕ್ಕೆ ಕಟ್ಟಬೇಕು. ಅದರ ಕೊಳವೆಯಲ್ಲೇ ಜೋತಾಡಲು ಬಿಡಬಾರದು. ಚಕ್ರ, ಮಡ್‌ಗಾರ್ಡುಗಳನ್ನು ಕಳಚಿ, ಕಾಲಿನ ಅಡಿಯ ಅಲೆನ್ ಬೋಲ್ಟನ್ನೂ ಸ್ವಲ್ಪ ಸಡಿಲಿಸಬೇಕು. ಸ್ಪ್ರಿಂಗಿನ ಒತ್ತಡ ಇರುವಾಗಲೇ ಇದನ್ನು ಮಾಡದಿದ್ದರೆ ಒಳಗಿನ ಕಡ್ಡಿಯೂ ಬೋಲ್ಟಿನೊಡನೆ ಗಿರಗಿರನೆ ತಿರುಗುತ್ತದೆ.

ಈಗ ಕಾಲನ್ನು ತಿರುಚುತ್ತ ಕೆಳಕ್ಕೆ ಎಳೆದು ತೆಗೆಯಬಹುದು. ಮುಚ್ಚಳ ಬಿಚ್ಚುವಾಗ ಮುಖವನ್ನು ದೂರವಿಡಿ. ಕೆಳಗಿನ ಸ್ಪ್ರಿಂಗು ಅದನ್ನು ಚಿಮ್ಮಿಸಬಹುದು. ಸ್ಪ್ರಿಂಗಿನ ಯಾವ ತುದಿ ಮೇಲಿತ್ತೆಂದು ಗುರುತಿಟ್ಟುಕೊಳ್ಳಿ. ನನ್ನ ಗಾಡಿಯಿಂದ ಬಂದ ಹಳೆಯ ಎಣ್ಣೆ, ಕದಡಿದ ಕೆರೆಯ ನೀರಿನಂತಿತ್ತು! ಧೂಳಿನ ಸೀಲನ್ನೂ ಅದರಡಿಯ ತಂತಿಯ ಲಾಕನ್ನೂ ತೆಗೆದು, ಅಡಿಯ ಬೋಲ್ಟನ್ನು ಕಳಚಿದರೆ ಎರಡು ಕೊಳವೆಗಳು ಬೇರೆಯಾಗುತ್ತವೆ. ಕೆಲವು ಫೋರ್ಕುಗಳಲ್ಲಿ ನಾಲ್ಕೈದು ಬಾರಿ ಜಗ್ಗಿ ಎಳೆದರೆ ಸೀಲೂ ಜೊತೆಗೇ ಬರುತ್ತದೆ. ಸೀಲು ಕೆಳಗೇ ಉಳಿದರೆ, ಕೊಳವೆಯ ಅಂಚಿಗೆ ಬಟ್ಟೆ ಇಟ್ಟು, ಗೀರು ಬೀಳದಂತೆ ಮೀಟಿ ತೆಗೆಯಬೇಕು.

ಹೊಸ ಬಳೆ ತೊಡಿಸುವುದು

ಭಾಗಗಳನ್ನು ತೊಳೆದು ಒರೆಸಿದ ಮೇಲೆ, ಮೇಲಿನ ಕೊಳವೆಯನ್ನು ಉಗುರಿನಿಂದ ಸವರಿ ನೋಡಬೇಕು. ಸಣ್ಣ ಚುಕ್ಕೆಯನ್ನು ಅತಿ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ತಿಕ್ಕಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಕುಳಿಯಿದ್ದರೆ ಕೊಳವೆಯನ್ನೇ ಬದಲಿಸಬೇಕು. ಇಲ್ಲವಾದರೆ ಹೊಸ ಸೀಲೂ ಬೇಗನೆ ಹಾಳಾಗುತ್ತದೆ.

"ಹಸುಗೂಸಿಗೆ ಬಳೆ ತೊಡಿಸಿದ ಹಾಗೆ ಹಾಕಬೇಕು" ಎಂದರು ದೊಡ್ಡಪ್ಪ. ತಾಮ್ರದ ಹೊಸ ವಾಷರ್ ಹಾಕಿ, ಅಡಿಯ ಬೋಲ್ಟನ್ನು ಬಿಗಿದು ಕೊಳವೆಗಳನ್ನು ಜೋಡಿಸಿದೆವು. ಕೊಳವೆಯ ತುದಿಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹೊದಿಸಿ, ಸೀಲಿನ ತುಟಿಗೆ ಫೋರ್ಕಿನ ಎಣ್ಣೆಯನ್ನೇ ಸವರಿ, ಮೆಲ್ಲಗೆ ಜಾರಿಸಿದೆವು. ಸೀಲಿನ ಸಣ್ಣ ಸ್ಪ್ರಿಂಗಿರುವ ಮಗ್ಗುಲು ಕೆಳಕ್ಕೆ, ಎಣ್ಣೆಯ ಕಡೆಗೆ ಇರಬೇಕು. ಅದರ ಮೇಲೆ ಹಳೆಯ ಸೀಲನ್ನಿಟ್ಟು, ಸರಿಯಾದ ಅಳತೆಯ ಪಿ.ವಿ.ಸಿ. ಪೈಪಿನಿಂದ ಸುತ್ತಲೂ ಸಮನಾಗಿ ತಟ್ಟಿದಾಗ, ಲಾಕಿನ ಗಾಡಿ ಪೂರ್ತಿ ಕಾಣುವವರೆಗೂ ಹೊಸ ಸೀಲು ಇಳಿಯಿತು. ಹಳೆಯದನ್ನು ತೆಗೆದು ಲಾಕನ್ನೂ ಧೂಳಿನ ಸೀಲನ್ನೂ ಕೂರಿಸಿದೆವು.

ಎಣ್ಣೆಯನ್ನು ಮಗಳು ಅಳೆದಳು, ಔಷಧಿಯ ಅಳತೆಯ ಲೋಟದಲ್ಲಿ. ಎರಡು ಕಾಲಿಗೂ ಸಮನಾಗಿರಬೇಕೆಂದು ದೊಡ್ಡಪ್ಪ ಹೇಳಿದ್ದನ್ನು ಅವಳು ನನಗಿಂತ ಶ್ರದ್ಧೆಯಿಂದ ಪಾಲಿಸಿದಳು. ಕಾಲನ್ನು ಹಲವು ಬಾರಿ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿಯನ್ನು ಬಿಡಿಸಿ, ಸ್ಪ್ರಿಂಗು, ಮುಚ್ಚಳ, ಚಕ್ರಗಳನ್ನು ಹಿಂದಿನಂತೆ ಜೋಡಿಸಿದೆವು.

ಎಣ್ಣೆ ಕುಡಿದ ಬ್ರೇಕ್ ಪ್ಯಾಡುಗಳನ್ನು ತೊಳೆದು ಬಳಸಬಹುದೆಂಬುದು ನನ್ನ ಜಿಪುಣತನದ ಲೆಕ್ಕವಾಗಿತ್ತು. ದೊಡ್ಡಪ್ಪ ಅವನ್ನು ಕಸದ ಬುಟ್ಟಿಗೆ ಎಸೆದರು. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಹೊಸ ಪ್ಯಾಡು ಹಾಕಿದೆವು. ಹೊರಡುವ ಮೊದಲು ಬ್ರೇಕಿನ ಹಿಡಿಯನ್ನು ಅದು ಗಟ್ಟಿಯಾಗುವವರೆಗೂ ಒತ್ತಬೇಕು. ಇದನ್ನು ಮರೆತರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಹೊರಟವನನ್ನೂ ಅವರೇ ತಡೆದರು. "ಚರಂಡಿಗೆ ಹಾಕಿದ್ದು ಭದ್ರೆಗೆ ಹೋಗುತ್ತೆ, ಕೂಡಲಿಯಲ್ಲಿ ತುಂಗೆಗೂ ಸೇರುತ್ತೆ ಕಣೋ." ಅದನ್ನು ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಕೊಳ್ಳುವವರಿಗೆ ಒಪ್ಪಿಸಿದೆವು.

ಸಂಜೆ ಖಾಲಿ ಬೀದಿಯಲ್ಲಿ ಒಬ್ಬನೇ ನಿಧಾನವಾಗಿ ಓಡಿಸಿ, ಮತ್ತೆ ಮತ್ತೆ ಬ್ರೇಕು ಹಾಕಿ ನೋಡಿದೆ. ಗಾಡಿ ಹೇಳಿದಲ್ಲಿ ನಿಂತಿತು. ಆಮೇಲೆ ಮಗಳನ್ನು ಕರೆದೆ. ಅವಳು ಹತ್ತಲಿಲ್ಲ. ಮೊದಲು ಬಿಳಿಯ ಕಾಗದವೊಂದನ್ನು ತಂದು, ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಕೊಳವೆಗಳಿಗೂ ಒತ್ತಿ ಬೆಳಕಿಗೆ ಹಿಡಿದು ನೋಡಿದಳು. ಕಾಗದ ಒಣಗಿತ್ತು. "ಈಗ ಹೋಗೋಣ ಅಪ್ಪಾ" ಎಂದಳು.

ಅಂದಿನಿಂದ ಪ್ರತಿ ಭಾನುವಾರ ಆ ಪರೀಕ್ಷೆ ನಡೆಯುತ್ತಿದೆ. ಪರೀಕ್ಷಕಳು ಮಾತ್ರ ಬಹಳ ಬಿಗಿ.