ನೀರು ಒಡೆದರೂ ಒಣಗದ ಚೀಲ

ಹೆರಿಗೆ ನೋವಿಗೆ ಮೊದಲೇ ಮಗುವನ್ನು ಸುತ್ತುವರಿದ ಚೀಲ ಒಡೆದು ನೀರು ಹೋದರೂ ಹೊಟ್ಟೆಯೊಳಗೆ ಆ ನೀರು ಮತ್ತೆ ಮತ್ತೆ ಊರುತ್ತಲೇ ಇರುತ್ತದೆ. ತುಂಬಿಸುವುದು ಯಾರು? ಮಗುವೇ! ದಿನ ತುಂಬಿದ ಗರ್ಭದಲ್ಲಿ ಈ ನೀರಿನ ಬಹುಪಾಲು ಮಗುವಿನ ಮೂತ್ರ. ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ಉಚ್ಚೆ ಹೊಯ್ದು, ಅದೇ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದೂ ಅದೇ. (ಮುಖ ಸಿಂಡರಿಸಬೇಕಿಲ್ಲ. ಕಲ್ಮಶ ತೆಗೆಯುವ ಕೆಲಸ ಮಾಸುವಿನದು. ಹಾಗಾಗಿ ಈ ಮೂತ್ರ ಹೆಚ್ಚುಕಡಿಮೆ ಬರೀ ನೀರು.)

ದಿನ ತುಂಬಿದ 100 ಬಸುರಿಯರಲ್ಲಿ ಸುಮಾರು 8 ಮಂದಿಗೆ ಹೀಗೆ ನೋವಿಲ್ಲದೆ ನೀರು ಹೋಗುತ್ತದೆ. ಹೆಚ್ಚಿನವರಿಗೆ 24 ಗಂಟೆಯೊಳಗೆ ನೋವು ತಾನಾಗಿ ಬರುತ್ತದೆ. ಮತ್ತೆ ಡಾಕ್ಟರು ನೋವು ಬರಿಸುವ ಡ್ರಿಪ್ ಹಾಕುವುದೇಕೆ? ಕಾರಣ ಸೋಂಕು. ಚೀಲ ಒಡೆದ ಮೇಲೆ ಗರ್ಭಕ್ಕೆ ಕಾವಲಿಲ್ಲ, ಹೊತ್ತು ಕಳೆದಷ್ಟೂ ಅಪಾಯ ಏರುತ್ತದೆ. ನೀರು ಹೋದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನೀರು ಹಸಿರಾಗಿದ್ದರೆ, ರಕ್ತ ಅಥವಾ ದುರ್ವಾಸನೆ ಇದ್ದರಂತೂ ಒಂದು ನಿಮಿಷವೂ ತಡ ಮಾಡಬಾರದು.

ಆ ಡ್ರಿಪ್‌ನಲ್ಲಿರುವ ಆಕ್ಸಿಟೋಸಿನ್ ತಾಯಿಯ ಮೆದುಳೇ ತಯಾರಿಸುವ ಹಾರ್ಮೋನು. ಅದನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರಿಗೆ 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.