ಯಂತ್ರದಿಂದ ಯಂತ್ರಕ್ಕೆ ದಾಟುವ ಪಠ್ಯ: ‘ಸ್ಟಾರ್ ಟ್ರೆಕ್’ ಗಣಕ ಆಟದ ಪಾಠಪರಂಪರೆ

ಓಲೆಗರಿಯ ಪಠ್ಯವೊಂದು ಉಳಿಯಬೇಕಾದರೆ ಅದು ಕಾಲಕಾಲಕ್ಕೆ ಪ್ರತಿಯಾಗುತ್ತಿರಬೇಕು. ಗರಿ ಮುರಿಯುತ್ತದೆ, ಹುಳು ಹಿಡಿಯುತ್ತದೆ, ಅಕ್ಷರ ಮಾಸುತ್ತದೆ. ಗಣಕದ ಪ್ರೋಗ್ರಾಂ ಅಳಿಯುವ ಬಗೆ ಬೇರೆ. ಅದರ ಅಕ್ಷರಗಳು ಬರೆದಂತೆಯೇ ಉಳಿದಿರುತ್ತವೆ. ಅವನ್ನು ಓದಿ ನಡೆಸಬಲ್ಲ ಯಂತ್ರ ಮಾತ್ರ ಇಲ್ಲವಾಗುತ್ತದೆ. ಆಗ ಅದನ್ನು ಬೇರೊಂದು ಯಂತ್ರಕ್ಕೆ, ಬೇರೊಂದು ಗಣಕಭಾಷೆಗೆ ಅಥವಾ ಅದೇ ಭಾಷೆಯ ಇನ್ನೊಂದು ಪ್ರಭೇದಕ್ಕೆ ಒಗ್ಗಿಸಿ ಬರೆಯಬೇಕಾಗುತ್ತದೆ. ಪೋರ್ಟಿಂಗ್ ಎಂದು ತಂತ್ರಜ್ಞರು ಕರೆಯುವ ಈ ಕ್ರಿಯೆಯನ್ನು ಇಲ್ಲಿ ‘ಯಂತ್ರಾಂತರ’ ಎಂದು ಕರೆಯಲಾಗಿದೆ. ಇದು ಲಿಪಿಕಾರನ ಕೆಲಸವೂ ಹೌದು, ಅನುವಾದಕನ ಕೆಲಸವೂ ಹೌದು. ಐದು ದಶಕಗಳಿಂದ ಹೀಗೆ ದಾಟುತ್ತ ಬಂದಿರುವ ‘ಸ್ಟಾರ್ ಟ್ರೆಕ್’ ಎಂಬ ಅಕ್ಷರಾಧಾರಿತ ಬಾಹ್ಯಾಕಾಶ ಆಟ ಈ ಪ್ರಕ್ರಿಯೆಯ ಅಧ್ಯಯನಕ್ಕೆ ಉತ್ತಮ ನಿದರ್ಶನ. ನೀಲಗಿರಿಯ ಭಾಷೆಗಳ ದಾಖಲೆಗಳನ್ನು ಕಾಯುವವರಿಗೂ ಅದರಿಂದ ಕಲಿಯಬೇಕಾದದ್ದಿದೆ.

ಆಟದ ಸ್ವರೂಪ

ಈ ಆಟದಲ್ಲಿ ಚಿತ್ರವಿಲ್ಲ, ಧ್ವನಿಯಿಲ್ಲ. ಆಟಗಾರ ಟೆಲಿಟೈಪ್ ಯಂತ್ರದಲ್ಲಿ ಆಜ್ಞೆಯನ್ನು ಕೀಲಿಸಿದರೆ ಯಂತ್ರ ಕಾಗದದ ಸುರುಳಿಯ ಮೇಲೆ ಉತ್ತರವನ್ನು ಅಚ್ಚು ಮಾಡುತ್ತಿತ್ತು. ವಿಶ್ವವು ೮ × ೮ ಮನೆಗಳ ಒಂದು ಚೌಕ; ಪ್ರತಿಯೊಂದು ಮನೆಯೊಳಗೆ ಮತ್ತೆ ೮ × ೮ ಕೋಶಗಳು. ಎಂಟರ್‌ಪ್ರೈಸ್ ಎಂಬ ನೌಕೆಯ ನಾಯಕನಾದ ಆಟಗಾರ ನಿಗದಿತ ಅವಧಿಯೊಳಗೆ ಎಲ್ಲ ಶತ್ರುನೌಕೆಗಳನ್ನು ಹುಡುಕಿ ನಾಶಪಡಿಸಬೇಕು. ದೂರವೀಕ್ಷಣೆಯ ಆಜ್ಞೆ ಕೊಟ್ಟರೆ ಸುತ್ತಲಿನ ಪ್ರತಿ ಮನೆಗೂ ಮೂರಂಕಿಯ ಒಂದು ಸಂಖ್ಯೆ ಬರುತ್ತದೆ: ನೂರರ ಸ್ಥಾನದಲ್ಲಿ ಶತ್ರುಗಳು, ಹತ್ತರ ಸ್ಥಾನದಲ್ಲಿ ನೆಲೆಗಳು, ಬಿಡಿಯ ಸ್ಥಾನದಲ್ಲಿ ನಕ್ಷತ್ರಗಳು. ೨೧೫ ಎಂದರೆ ಇಬ್ಬರು ಶತ್ರುಗಳು, ಒಂದು ನೆಲೆ, ಐದು ನಕ್ಷತ್ರಗಳು. ಒಂದು ಸಂಖ್ಯೆಯನ್ನು ಒಂದು ದೃಶ್ಯವಾಗಿ ಓದುವ ಈ ಕಲೆಯೇ ಆಟದ ಸೊಗಸು.

ಪ್ರತಿಗಳ ವಂಶವೃಕ್ಷ

೧೯೭೧ರಲ್ಲಿ ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿ ಮೈಕ್ ಮೇಫೀಲ್ಡ್ ಇದನ್ನು ಬೇಸಿಕ್ ಭಾಷೆಯಲ್ಲಿ, ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಸ್‌ಡಿಎಸ್ ಸಿಗ್ಮಾ ೭ ಗಣಕಕ್ಕಾಗಿ ಬರೆದ. ಮರುವರ್ಷ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಮಾರಾಟ ಕಚೇರಿಯವರು, ಆಟದ ಒಂದು ಆವೃತ್ತಿಯನ್ನು ತಮ್ಮ ಗಣಕಕ್ಕೂ ಬರೆದುಕೊಡುವುದಾದರೆ ಅದನ್ನು ಬಳಸಲು ಬಿಡುವುದಾಗಿ ಅವನಿಗೆ ಹೇಳಿದರು. ಎರಡು ಯಂತ್ರಗಳ ಬೇಸಿಕ್ ಪ್ರಭೇದಗಳ ನಡುವಿನ ಅಂತರ ದೊಡ್ಡದಿತ್ತು. ಮೇಫೀಲ್ಡ್ ಹಳೆಯ ಪಠ್ಯವನ್ನು ತಿದ್ದುವ ಬದಲು ಮೊದಲಿನಿಂದ ಬರೆದು ೧೯೭೨ರ ಅಕ್ಟೋಬರ್‌ನಲ್ಲಿ ಮುಗಿಸಿದ. ೧೯೭೩ರಲ್ಲಿ ಸಂಸ್ಥೆಯ ಪ್ರೋಗ್ರಾಂ ಭಂಡಾರ ಸೇರಿ ಪ್ರಸಾರಕ್ಕೆ ಬಂದದ್ದು ಈ ಎರಡನೆಯ ಪಠ್ಯವೇ. ಪರಂಪರೆ ‘ಮೂಲ’ವೆಂದು ಬಗೆದದ್ದು ವಾಸ್ತವವಾಗಿ ಕರ್ತೃವೇ ಮಾಡಿದ ಪುನಾರಚನೆ.

ಅಲ್ಲಿಂದ ಕವಲುಗಳು ಒಡೆದವು. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ಡೇವಿಡ್ ಆಲ್, ಮೇರಿ ಕೋಲ್ ಅವರೊಡಗೂಡಿ ಅದನ್ನು ತಮ್ಮ ಸಂಸ್ಥೆಯ ಬೇಸಿಕ್‌ಗೆ ಒಗ್ಗಿಸಿ ೧೯೭೩ರ ‘೧೦೧ ಬೇಸಿಕ್ ಕಂಪ್ಯೂಟರ್ ಗೇಮ್ಸ್’ ಸಂಕಲನದಲ್ಲಿ ಅಚ್ಚು ಮಾಡಿದರು. ೧೯೭೪ರಲ್ಲಿ ಬಾಬ್ ಲೀಡಮ್ ಡೇಟಾ ಜನರಲ್ ನೋವಾ ೮೦೦ ಗಣಕಕ್ಕಾಗಿ ‘ಸೂಪರ್ ಸ್ಟಾರ್ ಟ್ರೆಕ್’ ರಚಿಸಿದ. ಮೇಫೀಲ್ಡನ ಅಂಕಿಯ ಆಜ್ಞೆಗಳ ಜಾಗದಲ್ಲಿ ಮೂರಕ್ಷರದ ಆಜ್ಞೆಗಳು ಬಂದವು, ವಿಶ್ವದ ಮನೆಗಳಿಗೆ ರೈಜೆಲ್, ವೇಗಾ, ಸ್ಪೈಕಾ ಮುಂತಾದ ನಕ್ಷತ್ರಗಳ ಹೆಸರು ಬಂದವು, ಶತ್ರುಗಳು ಚಲಿಸತೊಡಗಿದರು. ಇದನ್ನು ಜಾನ್ ಬಾರ್ಡರ್ಸ್ ಮೈಕ್ರೋಸಾಫ್ಟ್ ೮ಕೆ ಬೇಸಿಕ್‌ಗೆ ದಾಟಿಸಿದ ಪಾಠವೇ ೧೯೭೮ರ ‘ಬೇಸಿಕ್ ಕಂಪ್ಯೂಟರ್ ಗೇಮ್ಸ್’ ಪುಸ್ತಕದಲ್ಲಿ ಸೇರಿತು. ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದುದರಿಂದ ಈ ಪಾಠವೇ ಪ್ರಚಲಿತ ಪಾಠವಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಟುಸೆಕ್ ಮತ್ತು ಪಾಲ್ ರೆನಾಲ್ಡ್ಸ್ ಫೋರ್ಟ್ರಾನ್‌ನಲ್ಲಿ ಬೆಳೆಸಿದ್ದು ಇನ್ನೊಂದು ಕವಲು. ಅದು ಮುಂದೆ ಸಿ ಭಾಷೆಗೂ, ಎರಿಕ್ ರೇಮಂಡ್ ಅವರ ಮೂಲಕ ಪೈಥಾನ್‌ಗೂ ದಾಟಿತು. ೨೦೨೧ರಲ್ಲಿ ಜೆಫ್ ಆಟ್‌ವುಡ್ ಆರಂಭಿಸಿದ ಯೋಜನೆಯೊಂದು ೧೯೭೮ರ ಪುಸ್ತಕದ ಆಟಗಳನ್ನು ಇಂದಿನ ಹಲವು ಗಣಕಭಾಷೆಗಳಿಗೆ ತರುವ ಕೆಲಸ ಕೈಗೊಂಡಿತು.

ಯಂತ್ರದ ಮಿತಿ, ಪಠ್ಯದ ಆಕಾರ

ಪಾಠಾಂತರಗಳನ್ನು ಎದುರುಬದುರಾಗಿಟ್ಟರೆ ಯಂತ್ರದ ಗುರುತು ಪಠ್ಯದ ಮೇಲೆ ಎಷ್ಟು ಆಳವಾಗಿ ಬಿದ್ದಿದೆಯೆಂಬುದು ತಿಳಿಯುತ್ತದೆ. ಒಂದು ಮನೆಯೊಳಗಿನ ೬೪ ಕೋಶಗಳಲ್ಲಿ ಪ್ರತಿಯೊಂದಕ್ಕೂ ಮೂರು ಅಕ್ಷರದ ಜಾಗ ಬೇಕು, ಒಟ್ಟು ೧೯೨. ಹ್ಯೂಲೆಟ್-ಪ್ಯಾಕರ್ಡ್ ಬೇಸಿಕ್‌ನಲ್ಲಿ ಒಂದು ಅಕ್ಷರಸರಣಿಯ ಗರಿಷ್ಠ ಉದ್ದ ೭೨. ಆದ್ದರಿಂದ ಮೇಫೀಲ್ಡ್ ತನ್ನ ಆಕಾಶವನ್ನು ೭೨, ೭೨, ೪೮ ಅಕ್ಷರಗಳ ಮೂರು ತುಂಡುಗಳಾಗಿ ಕತ್ತರಿಸಿದ್ದಾನೆ. ಒಂದು ನಕ್ಷತ್ರವನ್ನು ಇಡಬೇಕಾದಾಗಲೆಲ್ಲ ಅದು ಯಾವ ತುಂಡಿಗೆ ಸೇರುತ್ತದೆಂದು ಪ್ರೋಗ್ರಾಂ ಮೊದಲು ನಿರ್ಧರಿಸಬೇಕು. ಮೈಕ್ರೋಸಾಫ್ಟ್ ಬೇಸಿಕ್‌ನಲ್ಲಿ ಮಿತಿ ೨೫೫ ಆದುದರಿಂದ ಅಲ್ಲಿ ಆಕಾಶ ಒಂದೇ ಸರಣಿ. ವಿಂಗಡಣೆಯ ಸಾಲುಗಳೆಲ್ಲ ಮಾಯವಾಗಿವೆ. ಆಟಗಾರನಿಗೆ ವ್ಯತ್ಯಾಸವೇ ತೋರದು. ಇಂಥ ಬದಲಾವಣೆಯನ್ನು ನಷ್ಟವೆನ್ನಲಾಗದು. ಪಠ್ಯದ ಹೊಲಿಗೆ ಬದಲಾಗಿದೆ, ನಡೆ ಬದಲಾಗಿಲ್ಲ.

ಸದ್ದಿಲ್ಲದ ದೋಷ

ಅಕ್ಷರಶಃ ನಕಲು ಮಾಡಿಯೂ ನಡೆ ಕೆಡುವ ಸಂದರ್ಭ ಇದಕ್ಕಿಂತ ಅಪಾಯಕಾರಿ. ಆಟದಲ್ಲಿ ದಿಕ್ಕುಗಳಿಗೆ ೧ರಿಂದ ೮ರವರೆಗೆ ಅಂಕಿಗಳಿವೆ: ೧ ಬಲಕ್ಕೆ, ೨ ಬಲಮೇಲಕ್ಕೆ, ೩ ಮೇಲಕ್ಕೆ, ಹೀಗೆ ಎಡಸುತ್ತಾಗಿ. ನಡುವಣ ದಿಕ್ಕಿಗೆ ೧.೫ ಎಂಬಂಥ ದಶಮಾಂಶವನ್ನೂ ಕೊಡಬಹುದು. ದಿಕ್ಕುಗಳ ಕೋಷ್ಟಕದಿಂದ ೧.೫ನೆಯ ಸಾಲನ್ನು ಕೇಳಿದಾಗ ಮೈಕ್ರೋಸಾಫ್ಟ್ ೮ಕೆ ಬೇಸಿಕ್ ದಶಮಾಂಶವನ್ನು ಕತ್ತರಿಸಿ ೧ನೆಯ ಸಾಲನ್ನು ಕೊಡುತ್ತದೆ. ೧೯೭೮ರ ಪಾಠ ಈ ನಡವಳಿಕೆಯನ್ನು ನಂಬಿ ಬರೆದದ್ದು. ನಂತರದ ಜಿಡಬ್ಲ್ಯು-ಬೇಸಿಕ್ ಸಮೀಪದ ಪೂರ್ಣಾಂಕಕ್ಕೆ ಹೋಗಿ ೨ನೆಯ ಸಾಲನ್ನು ಕೊಡುತ್ತದೆ. ಅದೇ ಸಾಲನ್ನು ಒಂದಕ್ಷರವೂ ಬಿಡದೆ ನಕಲಿಸಿದರೆ, ೧.೫ ಎಂದು ಹೇಳಿದ ನೌಕೆ ೨.೫ರ ದಿಕ್ಕಿಗೆ ಹೊರಡುತ್ತದೆ. ೧.೪ಕ್ಕೆ ಮಾತ್ರ ಸರಿಯಾಗಿಯೇ ಹೋಗುತ್ತದೆ, ಪೂರ್ಣಾಂಕಗಳಿಗೂ ಸರಿ. ೮.೫ ಮತ್ತು ಅದಕ್ಕಿಂತ ಮೇಲಿನ ದಿಕ್ಕಿಗಷ್ಟೇ ಕೋಷ್ಟಕದ ಎಲ್ಲೆ ಮೀರಿ ಯಂತ್ರ ದೋಷವನ್ನು ಸಾರುತ್ತದೆ. ಉಳಿದೆಡೆ ಅದು ಮೌನ. ಇಲ್ಲಿ ಪಠ್ಯ ಶುದ್ಧವಾಗಿದೆ. ಬದಲಾದದ್ದು ಓದುವ ಯಂತ್ರದ ವ್ಯಾಕರಣ.

ತಿದ್ದುವುದೋ ಉಳಿಸುವುದೋ

ಈ ದಿಕ್ಕಿನ ಲೆಕ್ಕದಲ್ಲಿ ಇನ್ನೊಂದು ವಿಶೇಷವಿದೆ. ೧ ಮತ್ತು ೨ರ ನಡುವಿನ ಕೋನ ೪೫ ಡಿಗ್ರಿ, ೧.೫ ಎಂದರೆ ಅದರ ಅರ್ಧ, ಅಂದರೆ ೨೨.೫ ಡಿಗ್ರಿ ಆಗಬೇಕೆಂದು ತೋರುತ್ತದೆ. ಆದರೆ ಪ್ರೋಗ್ರಾಂ ತ್ರಿಕೋನಮಿತಿಯನ್ನು ಬಳಸದೆ ಎರಡು ದಿಕ್ಕುಗಳ ಚಲನೆಯ ಸರಾಸರಿಯನ್ನು ಹಿಡಿಯುವುದರಿಂದ ನೌಕೆ ಸುಮಾರು ೨೬.೬ ಡಿಗ್ರಿಯಲ್ಲಿ ಸಾಗುತ್ತದೆ. ಗಣಿತ ಬಲ್ಲ ಸಂಪಾದಕನಿಗೆ ಇದನ್ನು ತಿದ್ದುವ ಆಸೆಯಾದೀತು. ತಿದ್ದಿದರೆ ಆಟಗಾರರು ಅಭ್ಯಾಸದಿಂದ ಕಂಡುಕೊಂಡ ಗುರಿಗಳೆಲ್ಲ ತಪ್ಪುತ್ತವೆ. ಇದು ಪಠ್ಯದ ದೋಷವಲ್ಲ, ಆ ವಿಶ್ವದ ನಿಯಮ.

ಚಂದ್ರನ ಮೇಲೆ ನೌಕೆ ಇಳಿಸುವ ಆಟದ ಕಥೆ ಬೇರೆ. ೧೯೬೯ರಲ್ಲಿ ಜಿಮ್ ಸ್ಟೋರರ್ ಎಂಬ ಪ್ರೌಢಶಾಲಾ ವಿದ್ಯಾರ್ಥಿ ಪಿಡಿಪಿ-೮ ಗಣಕಕ್ಕೆ ಬರೆದ ಆ ಆಟ ಭೌತನಿಯಮವನ್ನು ನಿಷ್ಠೆಯಿಂದ ಅನುಸರಿಸಲು ಹೊರಟದ್ದು. ಅದರ ಒಂದು ಸೂತ್ರದಲ್ಲಿ ಎರಡರ ಗುಣಕವೊಂದು ಬಿಟ್ಟುಹೋಗಿದ್ದನ್ನು ೨೦೨೪ರಲ್ಲಿ, ಐವತ್ತೈದು ವರ್ಷಗಳ ನಂತರ, ಮಾರ್ಟಿನ್ ಸಿ. ಮಾರ್ಟಿನ್ ಪತ್ತೆಹಚ್ಚಿದರು. ಅದು ಕರ್ತೃವಿನ ಉದ್ದೇಶಕ್ಕೇ ವಿರುದ್ಧವಾದ ಸ್ಖಾಲಿತ್ಯ. ಆದ್ದರಿಂದ ತಿದ್ದುಪಡಿಗೆ ಅರ್ಹ. ಎರಡನ್ನೂ ಬೇರ್ಪಡಿಸುವುದು ಪಠ್ಯದ ಉದ್ದೇಶದ ಅರಿವೇ ಹೊರತು ಯಂತ್ರದ ತೀರ್ಪಲ್ಲ.

ನೀಲಗಿರಿಯ ಪಠ್ಯಗಳ ಮುಂದಿರುವ ಪ್ರಶ್ನೆ

ಉದಕಮಂಡಲದ ಬಳಿ ಮುತ್ತೋರೈಯಲ್ಲಿ ೧೯೭೦ರಲ್ಲಿ ಸಿದ್ಧವಾದ ರೇಡಿಯೋ ದೂರದರ್ಶಕದ ೫೩೦ ಮೀಟರ್ ಉದ್ದದ ಚಾಚು ಈಗಲೂ ಅದೇ ಇಳಿಜಾರಿನಲ್ಲಿದೆ. ಅದರ ಗ್ರಾಹಕ ಉಪಕರಣಗಳು ಮಾತ್ರ ಹೊಸದಾಗಿವೆ. ಭಾಷಾ ದಾಖಲೆಗಳಲ್ಲಿ ಉಳಿಯಬೇಕಾದದ್ದು ಯಾವುದು, ಹೊಸದಾಗಬೇಕಾದದ್ದು ಯಾವುದು ಎಂಬುದು ಅಷ್ಟು ನಿಚ್ಚಳವಲ್ಲ.

ಯೂನಿಕೋಡ್ ಬಳಕೆ ನೆಲೆಗೊಳ್ಳುವ ಮುನ್ನ ಕನ್ನಡ ಬರಹಗಳು ‘ನುಡಿ’ ಮೊದಲಾದ ತಂತ್ರಾಂಶಗಳ ಸ್ವಂತ ಸಂಕೇತಗಳಲ್ಲಿ ಸಂಗ್ರಹವಾದವು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ರೋಮನ್ ಅಕ್ಷರಗಳ ಗೊಂದಲವಾಗಿ ತೆರೆದುಕೊಳ್ಳುತ್ತವೆ. ಅವನ್ನು ಯೂನಿಕೋಡ್‌ಗೆ ತರುವುದೂ ಯಂತ್ರಾಂತರವೇ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರುತ್ತದೆ. ಅನುಕ್ರಮ ಬದಲಿಸದ ಪರಿವರ್ತಕ ‘ಧರ್ಮ’ವನ್ನು ‘ಧಮರ್’ ಎಂದು ಕೊಡುತ್ತದೆ. ಇದು ೮.೫ರ ಬಗೆಯ ದೋಷ, ಕಂಡೊಡನೆ ತಿಳಿಯುತ್ತದೆ.

೧.೫ರ ಬಗೆಯ ದೋಷ ಬಡಗದಂಥ ಭಾಷೆಗೆ ಒದಗಬಹುದು. ಬಡಗದಲ್ಲಿ ಮೂರ್ಧನ್ಯತೆಯಿಂದ ಭೇದಗೊಳ್ಳುವ ಸ್ವರಗಳಿವೆಯೆಂದು ಎಮಿನೋ ೧೯೩೯ರಲ್ಲೇ ವಿವರಿಸಿದ್ದಾರೆ. ಕನ್ನಡ ಲಿಪಿಯಲ್ಲಿ ಅವಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಬರೆಯುವವರು ಚುಕ್ಕೆಯನ್ನೋ ಗೆರೆಯನ್ನೋ ಸೇರಿಸಬೇಕಾಗುತ್ತದೆ. ಪರಿವರ್ತಕದ ಕೋಷ್ಟಕದಲ್ಲಿ ಆ ಚಿಹ್ನೆಗೆ ಸ್ಥಾನವಿಲ್ಲದಿದ್ದರೆ ಅದು ಉದುರಿಹೋಗುತ್ತದೆ. ಉಳಿಯುವ ಸಾಲು ಸ್ವಚ್ಛವಾಗಿ, ಕನ್ನಡದಂತೆಯೇ ಕಾಣುತ್ತದೆ. ಬಡಗವನ್ನು ಕನ್ನಡದಿಂದ ಬೇರ್ಪಡಿಸುವ ಗುಣವೇ ಅಳಿದುಹೋದದ್ದು ಯಾರ ಗಮನಕ್ಕೂ ಬಾರದು.

ಆಟದ ಪರಂಪರೆ ಇಲ್ಲಿ ಮೂರು ರೂಢಿಗಳನ್ನು ಸೂಚಿಸುತ್ತದೆ. ಪರಿವರ್ತನೆಯ ನಂತರವೂ ಹಳೆಯ ಕಡತವನ್ನು ಅದರ ಅಕ್ಷರಶೈಲಿಯೊಡನೆ ಕಾದಿಡಬೇಕು: ೧೯೭೮ರ ಪುಟ ಕಣ್ಮುಂದೆ ಇರುವುದರಿಂದಲೇ ಹೊಸ ಪಾಠಗಳನ್ನು ತೂಗಿ ನೋಡಲು ಸಾಧ್ಯವಾಗಿದೆ. ಪ್ರತಿ ತಿದ್ದುಪಡಿಗೂ ಕಾರಣವನ್ನು ಬರೆದಿಡಬೇಕು. ಕೊನೆಯದಾಗಿ, ದಾಟಿಸಿದ ಪಠ್ಯವನ್ನು ನಡೆಸಿ ನೋಡಬೇಕು. ಆಟವನ್ನು ಆಡಿ ಪರೀಕ್ಷಿಸಬಹುದು, ೧.೫ ಎಂದು ಕೀಲಿಸಿದರೆ ನೌಕೆ ಎಲ್ಲಿಗೆ ಹೋಯಿತೆಂದು ಕಾಣುತ್ತದೆ. ಬಡಗದ ಹಾಡನ್ನೋ ಕೋತರ ಕಥೆಯನ್ನೋ ಹಾಗೆ ಪರೀಕ್ಷಿಸುವ ಯಂತ್ರವಿಲ್ಲ. ಆ ಸ್ವರಭೇದವನ್ನು ಕೇಳಿ ಗುರುತಿಸಬಲ್ಲ ಭಾಷಿಕರ ಮುಂದೆ ಅದನ್ನು ಓದಬೇಕು, ಅವರು ತಡೆದಲ್ಲಿ ನಿಲ್ಲಬೇಕು. ಪರಿವರ್ತನೆಯ ಕೆಲಸವನ್ನು ತಂತ್ರಾಂಶ ಉತ್ತಮಗೊಳ್ಳುವವರೆಗೆ ಮುಂದೂಡಬಹುದು; ಆ ಕೇಳುಗರನ್ನು ಮುಂದೂಡಲಾಗದು.