ಮದುವೆಯ ದಾಖಲೆ ಸಾಲದು, ಮರಳುವ ದಾಖಲೆ ಬೇಕು

ಕೊಗನೊಳ್ಳಿಯ ಟೋಲ್ ನಾಕಾ ದಾಟಿದರೆ ಮಹಾರಾಷ್ಟ್ರದ ಕಾಗಲ್ ಸೀಮೆ. ರಾಷ್ಟ್ರೀಯ ಹೆದ್ದಾರಿ 48 ಅಲ್ಲಿಂದ ಕೊಲ್ಲಾಪುರ, ಪುಣೆ ಹಾದು ಮುಂಬೈ ಸೇರುತ್ತದೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಹೆಣ್ಣುಮಗಳೊಬ್ಬಳು ಅಮೆರಿಕದ ಪೌರನನ್ನು ಮದುವೆಯಾದರೆ, ವಲಸೆ ವೀಸಾ ಸಂದರ್ಶನಕ್ಕೆ ಇದೇ ದಾರಿ ಹಿಡಿದು ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿರುವ ಅಮೆರಿಕದ ಕಾನ್ಸುಲೇಟ್‌ಗೆ ಹೋಗಬೇಕು. ಬೆಂಗಳೂರಿನಲ್ಲೂ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಆದರೆ ವೀಸಾ ಕೊಡುವ ಕೆಲಸ ಆಗ ಅಲ್ಲಿ ಶುರುವಾಗಲಿಲ್ಲ.

ಸಂದರ್ಶನಕ್ಕೆ ಹೊರಟ ಮನೆಯವರು ಚೀಲದ ತುಂಬ ಮದುವೆಯ ಕಾಗದಗಳನ್ನೇ ತುಂಬಿಕೊಳ್ಳುತ್ತಾರೆ. ಲಗ್ನಪತ್ರಿಕೆ, ಅರಿಶಿನದ ದಿನದ ಫೋಟೊ, ನೋಂದಣಿ ಪ್ರಮಾಣಪತ್ರ, ಇಬ್ಬರ ವಾಟ್ಸ್‌ಆ್ಯಪ್ ಮಾತುಕತೆಯ ಪ್ರತಿ. ಮದುವೆ ನಿಜವಾದದ್ದೇ ಎಂಬ ಅನುಮಾನಕ್ಕೆ ಅವೆಲ್ಲ ಉತ್ತರ ಕೊಡುತ್ತವೆ. ಆದರೆ ಗಂಡ ಅಮೆರಿಕದ ಪೌರನಾಗಿದ್ದೂ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ನೆಲೆಸಿದ್ದರೆ ಅಧಿಕಾರಿ ಬೇರೆಯೇ ಪ್ರಶ್ನೆ ಎತ್ತುತ್ತಾರೆ. ಹೆಂಡತಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳುತ್ತಿರುವವನು ತಾನು ಅಲ್ಲಿ ಇರುತ್ತಾನೆಯೇ? ಲಗ್ನದ ಆಲ್ಬಮ್ಮಿನಲ್ಲಿ ಇದಕ್ಕೆ ಉತ್ತರವಿಲ್ಲ.

ಕನ್ನಡದ ಕುಟುಂಬಗಳಲ್ಲಿ ಈ ಪರಿಸ್ಥಿತಿ ಅಪರೂಪವೇನಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದವರಿಗೆ ಅಲ್ಲಿ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪೌರರು. ತಂದೆತಾಯಿ ಊರಿಗೆ ಮರಳಿದಾಗ ಜೊತೆಗೆ ಬಂದ ಆ ಮಕ್ಕಳು ಇಲ್ಲೇ ಓದಿ, ಇಲ್ಲೇ ಕೆಲಸ ಹಿಡಿದಿರುತ್ತಾರೆ. ಅಲ್ಲಿನ ಪೌರತ್ವ ಪಡೆದು ವಯಸ್ಸಾದ ತಂದೆತಾಯಿಗಾಗಿ ವಾಪಸಾದವರೂ ಇದ್ದಾರೆ. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ. ಆದರೆ ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೆ ಎಷ್ಟು ವರ್ಷ ಬೇಕಾದರೂ ಇಲ್ಲಿ ಇರಬಹುದು, ದುಡಿಯಬಹುದು. ಊರಿನಲ್ಲಿ ಬದುಕುವುದನ್ನು ಇಷ್ಟು ಸಲೀಸು ಮಾಡಿದ ಅದೇ ಕಾರ್ಡ್, ಕಾನ್ಸುಲೇಟಿನ ಕಿಟಕಿಯ ಎದುರು ಆತ ಭಾರತದಲ್ಲಿ ಬೇರು ಬಿಟ್ಟಿದ್ದಾನೆ ಎಂದು ಹೇಳುತ್ತದೆ.

ಅಮೆರಿಕದ ಸಂಸತ್ತು 1996ರಲ್ಲಿ ವಲಸೆ ಕಾನೂನನ್ನು ಬಿಗಿಗೊಳಿಸಿತು. ಅದರಂತೆ 1997ರ ಡಿಸೆಂಬರ್ 19ರಿಂದ ಐ-864 ಎಂಬ ಆರ್ಥಿಕ ಹೊಣೆಯ ಅಫಿಡವಿಟ್ ಜಾರಿಗೆ ಬಂತು. ಮೊದಲು ಪೌರನು ಐ-130 ಅರ್ಜಿ ಹಾಕಿ ಸಂಬಂಧವನ್ನು ಸಾಬೀತುಪಡಿಸುತ್ತಾನೆ. ಅದು ಒಪ್ಪಿಗೆಯಾದ ಮೇಲೆ ಐ-864ಕ್ಕೆ ಸಹಿ ಹಾಕಿ, ಹೆಂಡತಿ ಸರ್ಕಾರಕ್ಕೆ ಭಾರವಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡುತ್ತಾನೆ. ಹಾಗೆ ಬರೆದುಕೊಡುವವನ ಕಾಯಂ ನೆಲೆ ಅಮೆರಿಕದಲ್ಲೇ ಇರಬೇಕು ಎಂಬುದು ಕಾನೂನಿನ ಷರತ್ತು.

ಹೊರದೇಶದಲ್ಲಿರುವವನಿಗೆ ಎರಡು ಹಾದಿಗಳಿವೆ. ತಾನು ತಾತ್ಕಾಲಿಕವಾಗಿ ಮಾತ್ರ ಹೊರಗಿದ್ದೇನೆ, ಅಲ್ಲಿನ ನೆಲೆ ಬಿಟ್ಟಿಲ್ಲ ಎಂದು ತೋರಿಸುವುದು ಮೊದಲನೆಯದು. ಅಮೆರಿಕದ ಕಂಪನಿಯೊಂದು ಒಂದೆರಡು ವರ್ಷಕ್ಕೆಂದು ಬೆಂಗಳೂರಿಗೆ ಕಳಿಸಿದವನಿಗೆ ಇದು ಸುಲಭ. ಹತ್ತು ವರ್ಷದಿಂದ ಇಲ್ಲೇ ಇರುವವನಿಗೆ ಎರಡನೆಯ ಹಾದಿಯೇ ಗತಿ. ಹೆಂಡತಿ ಅಮೆರಿಕದ ನೆಲ ಮೆಟ್ಟುವ ದಿನಕ್ಕೆ ಮುಂಚೆ, ತಡವೆಂದರೆ ಅದೇ ದಿನ, ತಾನೂ ಅಲ್ಲಿ ನೆಲೆ ಮಾಡುತ್ತೇನೆ ಎಂದು ಅವನು ನಂಬಿಸಬೇಕು.

ಬಾಯಿಮಾತಿನ ನಂಬಿಕೆಗೆ ಇಲ್ಲಿ ಬೆಲೆಯಿಲ್ಲ, ಆಗಲೇ ಇಟ್ಟ ಹೆಜ್ಜೆಗಳು ಬೇಕು. ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು ಹಣ ಸಾಗಿಸಿರುವುದು, ಕೆಲಸಕ್ಕೆ ಹಾಕಿದ ಅರ್ಜಿಗಳು ಮತ್ತು ಬಂದ ಉತ್ತರಗಳು, ಮನೆಯ ಬಾಡಿಗೆ ಕರಾರು, ಅದಿಲ್ಲದಿದ್ದರೆ ‘ಬಂದು ನಮ್ಮಲ್ಲಿ ಇರಲಿ’ ಎಂದು ಅಣ್ಣನೋ ಚಿಕ್ಕಪ್ಪನೋ ಬರೆದ ಪತ್ರ, ಮಕ್ಕಳಿದ್ದರೆ ಶಾಲೆಯ ದಾಖಲಾತಿ, ಅಲ್ಲಿನ ಚುನಾವಣೆಯಲ್ಲಿ ಮತ ಹಾಕಿದ ದಾಖಲೆ. ಜೊತೆಗೆ ಇಲ್ಲಿನ ಬಾಡಿಗೆ ಮನೆ ಬಿಡುವ ನೋಟಿಸು, ರಾಜೀನಾಮೆ ಪತ್ರ ಇದ್ದರೆ ಮಾತಿಗೆ ತೂಕ ಬರುತ್ತದೆ. ಗಂಡ ಮೊದಲೇ ಹೋಗಿ ಕೂರಲೇಬೇಕೆಂದಿಲ್ಲ, ಇಬ್ಬರೂ ಒಂದೇ ವಿಮಾನದಲ್ಲಿ ಹೋಗಲು ನಿಯಮ ಅವಕಾಶ ಕೊಡುತ್ತದೆ. ಇದನ್ನು ತಿಳಿಯದೆ ಎಷ್ಟೋ ನವದಂಪತಿಗಳು ಅನಗತ್ಯವಾಗಿ ತಿಂಗಳುಗಟ್ಟಲೆ ಅಗಲಿರುತ್ತಾರೆ.

ಹಣದ ಲೆಕ್ಕವೂ ಇದರೊಂದಿಗೇ ಹೆಣೆದುಕೊಂಡಿದೆ. ಗಂಡನ ಆದಾಯ ಅಲ್ಲಿನ ಬಡತನ ರೇಖೆಯ ಶೇ 125ರಷ್ಟಿರಬೇಕು. 2025ರ ಪಟ್ಟಿಯಂತೆ ಇಬ್ಬರ ಸಂಸಾರಕ್ಕೆ ಅದು ವರ್ಷಕ್ಕೆ ಸುಮಾರು 26,437 ಡಾಲರ್. ಬೆಂಗಳೂರಿನಲ್ಲಿ ಅದಕ್ಕಿಂತ ಹೆಚ್ಚು ಸಂಪಾದಿಸುವವರು ಬೇಕಾದಷ್ಟು ಜನ. ಆದರೆ ದೇಶ ಬಿಟ್ಟ ದಿನ ನಿಲ್ಲುವ ಸಂಬಳವನ್ನು ಅಧಿಕಾರಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಕೊರತೆ ಬಿದ್ದ ಮೊತ್ತದ ಮೂರು ಪಟ್ಟು ಆಸ್ತಿ ತೋರಿಸಬೇಕು, ಅದೂ ಒಂದು ವರ್ಷದೊಳಗೆ ನಗದಾಗುವಂಥದ್ದು. ಬ್ಯಾಂಕ್ ಠೇವಣಿಗೆ ಇರುವ ಬಲ ಅಣ್ಣತಮ್ಮಂದಿರ ಜಂಟಿ ಹೆಸರಿನ ಕಬ್ಬಿನ ಹೊಲಕ್ಕೆ ಇರುವುದಿಲ್ಲ. ಅಮೆರಿಕದಲ್ಲಿರುವ ಬಂಧುವೊಬ್ಬರು ಜಂಟಿ ಜಾಮೀನುದಾರರಾಗಿ ನಿಂತು ಆದಾಯದ ಕೊರತೆ ತುಂಬಬಹುದು. ಗಂಡನ ನೆಲೆಯ ಕೊರತೆಯನ್ನು ಮಾತ್ರ ಯಾವ ಬಂಧುವೂ ತುಂಬಲಾರ. ಇಡೀ ನಿಯಮದಲ್ಲಿ ಜನ ಹೆಚ್ಚು ಎಡವುವ ಜಾಗ ಇದು.

ತೆರಿಗೆಯ ಮಾತೂ ಇದೆ. ಅಮೆರಿಕದ ಪೌರ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ಮಿತಿ ದಾಟಿದರೆ ಅಲ್ಲಿಗೆ ರಿಟರ್ನ್ ಸಲ್ಲಿಸಬೇಕು. ಇಲ್ಲಿ ಬೆಳೆದ ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದೇ ಐ-864 ತುಂಬುವಾಗ, ಅದರ ಜೊತೆ ಇತ್ತೀಚಿನ ರಿಟರ್ನ್ ಲಗತ್ತಿಸಬೇಕು ಎಂದಾಗ.

ಗಡಿಭಾಗದ ಹುಡುಗಿಯ ಕಡತಕ್ಕೆ ಬೇರೊಂದು ತೊಡಕಿದೆ. ಕೊಗನೊಳ್ಳಿ ಸುತ್ತಿನ ಬಸುರಿಯರು ಹೆರಿಗೆಗೆ ಕೊಲ್ಲಾಪುರಕ್ಕೆ ಹೋಗುವುದುಂಟು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮಗು ಹುಟ್ಟಿದ ಊರಿನಲ್ಲೇ ನೋಂದಣಿ ಆಗಬೇಕು. ಹೀಗಾಗಿ ಜನನಪತ್ರ ಮಹಾರಾಷ್ಟ್ರದ್ದು, ಶಾಲೆಯ ದಾಖಲೆ ಕರ್ನಾಟಕದ್ದು, ಒಂದು ಮರಾಠಿಯಲ್ಲಿ, ಇನ್ನೊಂದು ಕನ್ನಡದಲ್ಲಿ, ಹೆಸರಿನ ಅಕ್ಷರಗಳಲ್ಲಿ ವ್ಯತ್ಯಾಸ. ಇವನ್ನೆಲ್ಲ ಸರಿಪಡಿಸಿ, ದೃಢೀಕರಿಸಿದ ಇಂಗ್ಲಿಷ್ ಅನುವಾದ ಮಾಡಿಸಿಟ್ಟುಕೊಳ್ಳುವುದು ಸಂದರ್ಶನದ ದಿನಾಂಕ ಬರುವ ಮುಂಚೆ ಮುಗಿಯಬೇಕಾದ ಕೆಲಸ.

ಗಂಡನ ನೆಲೆಯ ವಿಚಾರದಲ್ಲಿ ಕೆನಡಾದ ನಿಯಮದ ತಿರುಳೂ ಇದೇ, ಆದರೆ ಗೆರೆ ಇನ್ನೂ ಖಚಿತ. ಹೊರದೇಶದಲ್ಲಿರುವ ಕೆನಡಾದ ಪೌರ ಹೆಂಡತಿಯನ್ನು ಪ್ರಾಯೋಜಿಸಬಹುದು, ಆಕೆಗೆ ಕಾಯಂ ವಾಸದ ಪರವಾನಗಿ ಸಿಕ್ಕಾಗ ತಾನೂ ಕೆನಡಾದಲ್ಲಿ ಇರುವೆನೆಂದು ತೋರಿಸಿದರೆ. ಪೌರತ್ವವಿಲ್ಲದ, ಬರೀ ಕಾಯಂ ನಿವಾಸಿಗೆ ಹೊರಗಿನಿಂದ ಪ್ರಾಯೋಜಿಸುವ ಅವಕಾಶವೇ ಇಲ್ಲ. ಬ್ರಿಟನ್ನಿಗೆ ಹೆಂಡತಿಯ ಜೊತೆ ಮರಳುವ ಗಂಡ ಸಂಬಳದ ಆಧಾರದ ಮೇಲೆ ಅರ್ಜಿ ಹಾಕಿದರೆ, ಮರಳಿದ ಮೂರು ತಿಂಗಳೊಳಗೆ ಅಲ್ಲಿ ಶುರುವಾಗುವ ಕೆಲಸದ ಪತ್ರ ತೋರಿಸಬೇಕು. ಅಲ್ಲಿ 18,600 ಪೌಂಡ್ ಇದ್ದ ಆದಾಯದ ಮಿತಿ 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿತು.

ಅಳಿಯ ಅಮೆರಿಕದ ಪೌರ, ಹೆಂಡತಿಗೆ ವೀಸಾ ಸಿಗುವುದು ಹಕ್ಕು ಎಂದು ನಂಬಿದವರು 2024ರ ಜೂನ್‌ನ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪನ್ನು ಗಮನಿಸಬೇಕು. ವಿದೇಶಿ ಸಂಗಾತಿಯನ್ನು ದೇಶದೊಳಕ್ಕೆ ಕರೆಸಿಕೊಳ್ಳುವುದು ಪೌರನ ಮೂಲಭೂತ ಹಕ್ಕಲ್ಲ ಎಂದು ಅದು ಹೇಳಿತು. ಹಾಗೆಂದು ನೆಲೆಯ ಪುರಾವೆ ಸಾಲದೆಂದು ಅರ್ಜಿ ತಡೆಹಿಡಿದರೆ ಎದೆಗುಂದಬೇಕಿಲ್ಲ. ಒಂದು ವರ್ಷದೊಳಗೆ ಉಳಿದ ದಾಖಲೆ ಒಪ್ಪಿಸಿದರೆ ಕಡತ ಮತ್ತೆ ತೆರೆದುಕೊಳ್ಳುತ್ತದೆ.

ಹುಡುಗಿಯ ಮನೆಯವರಿಗೆ ಯಾರೂ ಹೇಳದ ಸಂಗತಿಯೊಂದಿದೆ. ಐ-864ರ ಹೊಣೆ ವಿಚ್ಛೇದನದಿಂದ ಮುಗಿಯುವುದಿಲ್ಲ. ಆಕೆ ಅಲ್ಲಿನ ಪೌರಳಾಗುವ ತನಕ, ಇಲ್ಲವೇ ಹತ್ತು ವರ್ಷದಷ್ಟು ದುಡಿಮೆ ಆಕೆಯ ಲೆಕ್ಕಕ್ಕೆ ಸೇರುವ ತನಕ, ಇಲ್ಲವೇ ಕಾಯಂ ವಾಸದ ಹಕ್ಕು ಬಿಟ್ಟು ದೇಶ ತೊರೆಯುವ ತನಕ ಅದು ಉಳಿಯುತ್ತದೆ. ಗಂಡ ಕೈಬಿಟ್ಟರೆ ಆಕೆ ಅದೇ ಕಾಗದ ಹಿಡಿದು ನ್ಯಾಯಾಲಯಕ್ಕೆ ಹೋಗಬಹುದು. ಕೆಲಸ ಹುಡುಕಲಿಲ್ಲವೆಂಬ ಕಾರಣಕ್ಕೆ ಆಕೆಯ ಈ ಹಕ್ಕು ಕುಗ್ಗದು ಎಂದು 2012ರಲ್ಲಿ ಶಿಕಾಗೋದ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿದೆ.

ಹಾಗಾಗಿ ಮಾತುಕತೆಗೆ ಕೂತ ದಿನವೇ ಸಂಕೋಚ ಬಿಟ್ಟು ಕೇಳಿ. ಹುಡುಗನದು ಪೌರತ್ವವೋ ಬರೀ ಗ್ರೀನ್ ಕಾರ್ಡೋ, ತೆರಿಗೆ ರಿಟರ್ನ್ ಸಲ್ಲಿಸಿದ್ದಾನೆಯೇ, ಮರಳಿ ಹೋಗಲು ಈವರೆಗೆ ಏನು ಮಾಡಿದ್ದಾನೆ. ಮದುವೆಯಾದ ಮೇಲೆ ಐ-864ರ ಪ್ರತಿಯೊಂದನ್ನು ಮಗಳ ಕೈಯಲ್ಲೇ ಇರಿಸಿ.